ಮೌನ ಮುಗಿದ ಮೇಲೆ ಎರಡು ನಿಮಿಷ ಮಾತಾಡಿ: ಕರ್ನಾಟಕದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ಲೋಕಸಭೆಯಲ್ಲಿರುವ 28 ಜನ, ರಾಜ್ಯಸಭೆಯಲ್ಲಿರುವ 12 ಜನ, ಒಟ್ಟು ನಲವತ್ತು ಜನರಿಗೂ ಸೇರಿಸಿ ಈ ಒಂದೇ ಪತ್ರ ಬರೆಯುತ್ತಿದ್ದೇನೆ. ಯಾರು ಯಾವ ಪಕ್ಷ ಅಂತ ನೋಡಿಲ್ಲ. ನಾನು ಕೇಳುವ ವಿಷಯಕ್ಕೆ ಪಕ್ಷ ಬೇಕಾಗಿಯೂ ಇಲ್ಲ.

ನಾನು ಧಾರವಾಡದವಳು. ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಿಯಾಗಿದ್ದೇನೆ. ಎರಡನೇ ಮಹಾಯುದ್ಧದ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಬರೆಯುತ್ತಿದ್ದೆ: 1945 ಆಗಸ್ಟ್ 6 ಹಿರೋಷಿಮಾ, ಆಗಸ್ಟ್ 9 ನಾಗಸಾಕಿ. ಪಕ್ಕದಲ್ಲಿ ಸತ್ತವರ ಸಂಖ್ಯೆ. ಮಕ್ಕಳು ನೋಟ್ಸ್ ಇಳಿಸಿಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಬರೆಯುತ್ತಿದ್ದರು, ಎರಡು ಅಂಕ ಸಿಗುತ್ತಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಅಕ್ಕೋರ, ಬದುಕಿ ಉಳದವರು ಏನಾದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಆಮೇಲೆ ಹೇಳ್ತೀನಿ, ಕೂತ್ಕೋ" ಅಂದೆ. ಆಮೇಲೆ ಹೇಳಲೇ ಇಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಷ್ಟು ತಡವಾಗಿ ನಿಮಗೆ ಬರೆಯುತ್ತಿದ್ದೇನೆ. ನಿಮಗೇ ಯಾಕೆ ಅಂದರೆ, ಆಗಸ್ಟ್ 6ರಂದು ಅಧಿವೇಶನ ನಡೆಯುತ್ತಿದ್ದರೆ ನೀವೆಲ್ಲ ಎದ್ದು ನಿಂತು ಹಿರೋಷಿಮಾ, ನಾಗಸಾಕಿಯಲ್ಲಿ ಸತ್ತವರಿಗಾಗಿ ಮೌನ ಆಚರಿಸುತ್ತೀರಿ. ಸಭಾಧ್ಯಕ್ಷರು ನಾಲ್ಕು ಸಾಲು ಓದುತ್ತಾರೆ, ನೀವು ನಿಲ್ಲುತ್ತೀರಿ, ಮತ್ತೆ ಕೂರುತ್ತೀರಿ. ಕಲಾಪ ಮುಂದುವರಿಯುತ್ತದೆ. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಸಂಸತ್ತು ಎದ್ದು ನಿಂತು ದೂರದ ಎರಡು ಊರುಗಳನ್ನು ನೆನೆಯುವುದು ಒಳ್ಳೆಯ ಪದ್ಧತಿ. ಆದರೆ ಆ ಮೌನ ಸತ್ತವರಿಗೆ. ಬದುಕಿ ಉಳಿದವರು ನಮ್ಮಿಂದ ಕೇಳುತ್ತಿರುವುದು ಮೌನವನ್ನಲ್ಲ.

2023ರ ನವೆಂಬರ್‌ನಲ್ಲಿ ಮಗಳ ಮನೆಗೆ ಹೋಗಿದ್ದೆ. ಅವಳು ಒಸಾಕಾದಲ್ಲಿ ಕೆಲಸ ಮಾಡುತ್ತಾಳೆ. "ಅಮ್ಮ, ಎಲ್ಲಿಗೆ ಹೋಗೋಣ?" ಅಂದಳು. ಹಿರೋಷಿಮಾ ಅಂದೆ. ರೈಲಿನಲ್ಲಿ ಒಂದೂವರೆ ಗಂಟೆ ದಾರಿ.

ಅಲ್ಲಿನ ಶಾಂತಿ ಸ್ಮಾರಕ ವಸ್ತು ಸಂಗ್ರಹಾಲಯದಲ್ಲಿ ಒಂದು ಊಟದ ಡಬ್ಬಿ ಇದೆ. ನಮ್ಮ ಮಕ್ಕಳು ಶಾಲೆಗೆ ಒಯ್ಯುತ್ತಾರಲ್ಲ, ಅಂಥದ್ದೇ. ಮುಚ್ಚಳ ಸೊಟ್ಟಗಾಗಿದೆ. ಒಳಗಿರುವ ಅನ್ನ ಕರಕಲಾಗಿ ಕಪ್ಪಗೆ ಗಟ್ಟಿಯಾಗಿದೆ. ಅದು ಹೈಸ್ಕೂಲಿನ ಮೊದಲ ವರ್ಷದ ಒಬ್ಬ ಹುಡುಗನದು. ಯುದ್ಧಕಾಲದಲ್ಲಿ ಅಕ್ಕಿ ಸಿಗುತ್ತಿರಲಿಲ್ಲ. ಅವನ ತಾಯಿ ತಾನೇ ಬೆಳೆದದ್ದರಲ್ಲಿ ಅಕ್ಕಿ, ಬಾರ್ಲಿ, ಸೋಯಾ ಕಾಳು ಬೆರೆಸಿ ಅನ್ನ ಮಾಡಿ, ಜೊತೆಗೆ ಸಣ್ಣಗೆ ಹೆಚ್ಚಿದ ಆಲೂಗಡ್ಡೆ ಹುರಿದು ಹಾಕಿ ಕಳಿಸಿದ್ದರು. ಹುಡುಗ ಖುಷಿಯಾಗಿ ಹೋಗಿದ್ದ. ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಬಾಂಬ್ ಸಿಡಿಯಿತು. ಆಮೇಲೆ ತಾಯಿ ಅವನನ್ನು ಹುಡುಕಿಕೊಂಡು ಹೋದಾಗ ದೇಹದಿಂದ ಗುರುತು ಸಿಗಲಿಲ್ಲ. ದೇಹದ ಕೆಳಗೆ ಸಿಕ್ಕ ಈ ಡಬ್ಬಿಯಿಂದ ಗುರುತು ಹಿಡಿದರು.

ಆ ಗಾಜಿನ ಪೆಟ್ಟಿಗೆ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ. ನಾನೂ ಡಬ್ಬಿ ಕಟ್ಟಿದವಳು. 31 ವರ್ಷ ಮಧ್ಯಾಹ್ನದ ಬೆಲ್ ಹೊಡೆದ ಕೂಡಲೇ ಮಕ್ಕಳು ಡಬ್ಬಿ ತೆಗೆಯುವ ಸದ್ದು ಕೇಳಿದವಳು. ಆ ದಿನ ಹಿರೋಷಿಮಾದಲ್ಲಿ ಸಾವಿರಾರು ಶಾಲಾ ಮಕ್ಕಳು ತರಗತಿಯಲ್ಲಿ ಇರಲಿಲ್ಲ. ಬೆಂಕಿ ಹರಡದಿರಲಿ ಅಂತ ಮನೆಗಳನ್ನು ಕೆಡವಿ ಜಾಗ ತೆರವು ಮಾಡುವ ಕೆಲಸಕ್ಕೆ ಅವರನ್ನು ಬೀದಿಗೆ ಕಳಿಸಿದ್ದರು. ಬಯಲಿನಲ್ಲಿ ನಿಂತಿದ್ದ ಆ ಮಕ್ಕಳಲ್ಲಿ ಸುಮಾರು 6,000 ಮಂದಿ ಸತ್ತರು. ಆ ವರ್ಷದ ಕೊನೆಯ ಹೊತ್ತಿಗೆ ಹಿರೋಷಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ 70,000ಕ್ಕೂ ಹೆಚ್ಚು ಜನ ತೀರಿಹೋದರು. ಇದು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಸಂಖ್ಯೆ. ಡಬ್ಬಿ ನೋಡುವವರೆಗೆ ಅದು ನನಗೆ ಬರೀ ಸಂಖ್ಯೆಯೇ ಆಗಿತ್ತು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಉಳಿದವರು ಏನಾದರು?

ಅವರಿಗೆ ಜಪಾನಿನಲ್ಲಿ ಹಿಬಾಕುಶಾ ಅಂತ ಹೆಸರು, ಬಾಂಬಿಗೆ ಸಿಕ್ಕಿದವರು ಅಂತ. ಮೊದಲ ಕೆಲವು ವರ್ಷ ಅವರ ಬಾಯಿ ಕಟ್ಟಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಜಪಾನನ್ನು ಆಳುತ್ತಿತ್ತು. 1945ರ ಸೆಪ್ಟೆಂಬರ್‌ನಲ್ಲೇ ಪತ್ರಿಕೆಗಳ ಮೇಲೆ ನಿರ್ಬಂಧ ಬಂತು. ಬಾಂಬಿನಿಂದ ಏನಾಯಿತು ಅಂತ ಬರೆಯುವಂತಿಲ್ಲ, ಫೋಟೋ ಹಾಕುವಂತಿಲ್ಲ. ಗಾಯ ಇಲ್ಲದವರಿಗೂ ಕೂದಲು ಉದುರಿತು, ಮೈಮೇಲೆ ನೇರಳೆ ಚುಕ್ಕೆ ಎದ್ದವು, ಕೆಲವು ವರ್ಷದಲ್ಲಿ ರಕ್ತದ ಕ್ಯಾನ್ಸರ್ ಬಂತು. ಅಮೆರಿಕ 1947ರಲ್ಲಿ ಅಲ್ಲೊಂದು ಸಂಸ್ಥೆ ತೆರೆದು ಇವರನ್ನು ಕರೆಸಿ ಪರೀಕ್ಷೆ ಮಾಡಿತು, ರಕ್ತ ತೆಗೆದುಕೊಂಡಿತು. ಆದರೆ ಔಷಧ ಕೊಡಲಿಲ್ಲ. ಬಾಂಬಿನಿಂದ ಕಾಯಿಲೆ ಬಿದ್ದವರ ಚಿಕಿತ್ಸೆಗೆ ಜಪಾನ್ ಸರ್ಕಾರ ಕಾನೂನು ಮಾಡಿದ್ದು 1957ರಲ್ಲಿ. ನಡುವಿನ ಹನ್ನೆರಡು ವರ್ಷ ಅವರ ಪಾಡಿಗೆ ಅವರು.

ಅದಕ್ಕಿಂತ ಜಾಸ್ತಿ ನೋಯಿಸಿದ್ದು ಊರಿನವರ ಕಣ್ಣು. ಹಿರೋಷಿಮಾದ ಹೆಣ್ಣು ಅಂದರೆ ಸಂಬಂಧ ಮುರಿಯುತ್ತಿತ್ತು. ಹುಟ್ಟುವ ಮಗು ಹೇಗಿರುತ್ತೋ ಅನ್ನುವ ಭಯ. ಕೆಲಸ ಕೇಳಿದರೆ "ಇವರು ಬೇಗ ಸುಸ್ತಾಗ್ತಾರೆ" ಅನ್ನುವ ಮಾತು. ಹಾಗಾಗಿ ಎಷ್ಟೋ ಜನ ಗಂಡನಿಗೂ ಹೇಳದೆ, ಮಕ್ಕಳಿಗೂ ಹೇಳದೆ ಬದುಕಿದರು. ನಮ್ಮ ಹಳ್ಳಿಗಳಲ್ಲಿ ಮನೆಯ ಕಾಯಿಲೆಯನ್ನು ಬಚ್ಚಿಟ್ಟು ಮದುವೆ ಮಾಡುವುದನ್ನು ನೋಡಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಆಗ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದಿಂದ ಬಂದು ಅಲ್ಲಿ ದುಡಿಯುತ್ತಿದ್ದ ಸಾವಿರಾರು ಜನರೂ ಬಾಂಬಿಗೆ ಸಿಕ್ಕಿದ್ದರು. ಅವರ ಕಡೆಗೆ ಇನ್ನೂ ಬಹಳ ಕಾಲ ಯಾರೂ ತಿರುಗಿ ನೋಡಲಿಲ್ಲ.

ಬಾಯಿ ಬಿಚ್ಚುವಂತೆ ಮಾಡಿದ್ದು ಇನ್ನೊಂದು ಬಾಂಬ್. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಮುದ್ರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಜಪಾನಿನ ಮೀನು ಹಿಡಿಯುವ ದೋಣಿಯೊಂದರಲ್ಲಿದ್ದ 23 ಜನರ ಮೇಲೆ ಬಿಳಿ ಬೂದಿ ಸುರಿಯಿತು. ಸೆಪ್ಟೆಂಬರ್‌ನಲ್ಲಿ ಅವರಲ್ಲೊಬ್ಬರು ತೀರಿಕೊಂಡರು. ಮೀನು ತಿನ್ನಲು ಜನ ಹೆದರಿದರು. ಟೋಕಿಯೋದ ಸುಗಿನಾಮಿ ಎಂಬ ಬಡಾವಣೆಯ ಹೆಂಗಸರು ಸಹಿ ಸಂಗ್ರಹಕ್ಕೆ ಇಳಿದರು. ನೋಡನೋಡುತ್ತಾ ಅದು ಇಡೀ ದೇಶಕ್ಕೆ ಹರಡಿ ಸಹಿಗಳು ಮೂರು ಕೋಟಿ ದಾಟಿದವು. ಆಗ ಹಿರೋಷಿಮಾ, ನಾಗಸಾಕಿಯವರಿಗೂ ಮಾತಾಡುವ ಧೈರ್ಯ ಬಂತು. 1956ರ ಆಗಸ್ಟ್ 10ರಂದು ನಾಗಸಾಕಿಯಲ್ಲಿ ಸೇರಿ ನಿಹೊನ್ ಹಿಡಾಂಕ್ಯೊ ಎಂಬ ಸಂಘ ಕಟ್ಟಿದರು. ನಮ್ಮನ್ನು ನಾವು ಉಳಿಸಿಕೊಳ್ಳುತ್ತೇವೆ, ನಮ್ಮ ಅನುಭವದಿಂದ ಮನುಷ್ಯ ಕುಲವನ್ನೂ ಉಳಿಸಲು ನೋಡುತ್ತೇವೆ ಅಂತ ಅವತ್ತು ಜಗತ್ತಿಗೆ ಹೇಳಿದರು.

ಇಲ್ಲಿ ನಿಮಗೆ ಸಂಬಂಧಪಟ್ಟ ಒಂದು ಮಾತಿದೆ. ಬಿಕಿನಿ ಪರೀಕ್ಷೆಯಾಗಿ ಒಂದೇ ತಿಂಗಳಿಗೆ, 1954ರ ಏಪ್ರಿಲ್ 2ರಂದು, ಈ ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸಿ ಅಂತ ಒಬ್ಬರು ಜಗತ್ತಿಗೆ ಕರೆ ಕೊಟ್ಟರು. ಕೊಟ್ಟವರು ಜವಾಹರಲಾಲ್ ನೆಹರೂ. ಕೊಟ್ಟ ಜಾಗ ಲೋಕಸಭೆ. 1988ರಲ್ಲಿ ರಾಜೀವ್ ಗಾಂಧಿ ವಿಶ್ವಸಂಸ್ಥೆಗೆ ಹೋಗಿ 2010ರ ಒಳಗೆ ಎಲ್ಲ ಅಣ್ವಸ್ತ್ರ ಇಲ್ಲವಾಗಲಿ ಅಂತ ಹಂತ ಹಂತದ ಯೋಜನೆಯನ್ನೇ ಮುಂದಿಟ್ಟರು. ಈ ವಿಷಯದಲ್ಲಿ ಮೊದಲು ಬಾಯಿ ಬಿಟ್ಟವರ ಸಾಲಿನಲ್ಲಿ ನೀವು ಕೂರುವ ಸಭೆಯೂ ಇದೆ.

ನಾಗಸಾಕಿಯ ಒಬ್ಬ ಅಂಚೆಯವನ ಕಥೆ ಹೇಳುತ್ತೇನೆ. ಸುಮಿತೆರು ತಾನಿಗುಚಿ ಅಂತ ಹೆಸರು. ಆಗ ವಯಸ್ಸು 16. ಕೆಂಪು ಸೈಕಲ್ ಮೇಲೆ ಟಪಾಲು ಹಂಚುತ್ತಾ ಹೋಗುತ್ತಿದ್ದ. ಬಾಂಬ್ ಸಿಡಿದ ಜಾಗದಿಂದ 1.8 ಕಿಲೋಮೀಟರ್ ದೂರ. ಹಿಂದಿನಿಂದ ಬಂದ ಬೆಳಕು ಅವನ ಇಡೀ ಬೆನ್ನನ್ನು ಸುಟ್ಟಿತು. ಎಡಗೈ ಚರ್ಮ ಭುಜದಿಂದ ಬೆರಳಿನವರೆಗೆ ಕಿತ್ತು ಜೋತುಬಿದ್ದಿತ್ತು. ಆಸ್ಪತ್ರೆಯಲ್ಲಿ ಒಂದು ವರ್ಷ ಒಂಬತ್ತು ತಿಂಗಳು ಬೋರಲು ಮಲಗಿದ್ದ. ಬೆನ್ನು ಸುಟ್ಟಿದ್ದರಿಂದ ಮಗ್ಗುಲು ಬದಲಿಸಲು ಆಗದೆ ಎದೆಯ ಕಡೆಯೂ ಹುಣ್ಣಾಗಿ ಕೊಳೆಯಿತು. ಪಕ್ಕೆಲುಬಿನ ಸಂದಿಯಲ್ಲಿ ಹೃದಯ ಬಡಿಯುವುದು ಕಾಣುತ್ತಿತ್ತಂತೆ. "ನನ್ನನ್ನು ಸಾಯಿಸಿಬಿಡಿ" ಅಂತ ಕೂಗುತ್ತಿದ್ದ. ಆಸ್ಪತ್ರೆಯಿಂದ ಹೊರಗೆ ಬಂದಿದ್ದು 1949ರ ಮಾರ್ಚ್‌ನಲ್ಲಿ. ಮತ್ತೆ ಕೆಲಸಕ್ಕೆ ಹೋದ, ಮದುವೆಯಾದ, ಮಕ್ಕಳಾದರು.

ಅಮೆರಿಕದ ಸೇನೆಯವರು 1946ರಲ್ಲೇ ಅವನ ಬೆನ್ನನ್ನು ಬಣ್ಣದ ಫಿಲ್ಮಿನಲ್ಲಿ ಚಿತ್ರೀಕರಿಸಿದ್ದರು. ಅದು ಹೊರಗೆ ಬಂದದ್ದು 1970ರಲ್ಲಿ. ಬೆನ್ನು ಪೂರ್ತಿ ಕೆಂಪು, ಹಸಿ ಮಾಂಸ. ನೋಡುವುದು ಕಷ್ಟ. ಅಲ್ಲಿಯವರೆಗೆ ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ ತೊಟ್ಟು ಮೈ ಮುಚ್ಚಿಕೊಂಡಿದ್ದ ಮನುಷ್ಯ, ಆ ಚಿತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ದೇಶ ದೇಶ ಸುತ್ತಿದರು. 2010ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ, ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಸಭೆಯ ಮುಂದೆ ಅವರು ಹೇಳಿದ್ದರ ಸಾರ ಇಷ್ಟು: ನಾನು ಪ್ರಯೋಗದ ಪ್ರಾಣಿಯಲ್ಲ. ಪ್ರದರ್ಶನದ ವಸ್ತುವೂ ಅಲ್ಲ. ಆದರೂ ಇಲ್ಲಿರುವವರು ದಯವಿಟ್ಟು ನನ್ನಿಂದ ಕಣ್ಣು ತಿರುಗಿಸಬೇಡಿ. ಇನ್ನೊಮ್ಮೆ ನೋಡಿ.

ಆಗ ಅವರಿಗೆ 81 ವರ್ಷ. 2017ರ ಆಗಸ್ಟ್ 30ರಂದು ತೀರಿಕೊಂಡರು. ಅದಕ್ಕೂ ಎರಡು ತಿಂಗಳು ಮುಂಚೆ, ಜುಲೈ 7ರಂದು, ವಿಶ್ವಸಂಸ್ಥೆಯಲ್ಲಿ 122 ದೇಶಗಳು ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಮತ ಹಾಕಿದ್ದವು. ಅವತ್ತು ಸಭಾಂಗಣದಲ್ಲಿದ್ದ ಸೆತ್ಸುಕೊ ಥರ್ಲೊ ಎಂಬ ತಾಯಿ ಈ ದಿನಕ್ಕಾಗಿ 70 ವರ್ಷ ಕಾದಿದ್ದೆ ಅಂದರು. ಹಿರೋಷಿಮಾದಲ್ಲಿ ಬಾಂಬ್ ಬಿದ್ದಾಗ ಅವರಿಗೆ 13 ವರ್ಷ. ಕುಸಿದ ಕಟ್ಟಡದ ಅಡಿ ಸಿಕ್ಕಿಬಿದ್ದಾಗ ಯಾರೋ ಹಿಂದಿನಿಂದ ಭುಜ ಅಲ್ಲಾಡಿಸಿ, ಬಿಡಬೇಡ, ತಳ್ಳುತ್ತಾ ಇರು, ಅಲ್ಲಿ ಬೆಳಕು ಕಾಣ್ತಿದೆ, ಅದರ ಕಡೆಗೆ ತೆವಳು ಅಂದರಂತೆ. ಅವರು ಹೊರಗೆ ಬಂದರು. ಒಳಗಿದ್ದ ಗೆಳತಿಯರಲ್ಲಿ ಹೆಚ್ಚಿನವರು ಬೆಂಕಿಯಲ್ಲಿ ಬೆಂದರು. ಅವರ ಅಕ್ಕನ ಮಗ, ನಾಲ್ಕು ವರ್ಷದ ಕೂಸು, ಸಾಯುವವರೆಗೂ ಸಣ್ಣ ದನಿಯಲ್ಲಿ ನೀರು ನೀರು ಅನ್ನುತ್ತಿತ್ತು.

ನೀರು. ಉಳಿದವರ ಮಾತುಗಳಲ್ಲಿ ಮತ್ತೆ ಮತ್ತೆ ಬರುವುದು ಇದೊಂದೇ ಪದ. ಸುಟ್ಟವರಿಗೆ ನೀರು ಕೊಟ್ಟರೆ ಸಾಯುತ್ತಾರೆ ಅಂತ ಹೇಳಿದ್ದರಿಂದ ಎಷ್ಟೋ ಜನ ಕೊಡದೆ ಮುಂದೆ ಹೋದರು. ಆ ಕೊರಗನ್ನು ಎಂಬತ್ತು ವರ್ಷ ಹೊತ್ತುಕೊಂಡು ಬದುಕಿದವರಿದ್ದಾರೆ. ನಾಗಸಾಕಿಯ ಶಾಂತಿ ಉದ್ಯಾನದಲ್ಲಿ ಒಂದು ಕಾರಂಜಿ ಇದೆ. ಅದರ ಮುಂದಿನ ಕಲ್ಲಿನಲ್ಲಿ ಒಬ್ಬ ಸಣ್ಣ ಹುಡುಗಿಯ ಮಾತು ಕೆತ್ತಿದ್ದಾರೆ: ಬಾಯಾರಿಕೆ ತಡೆಯಲಾಗಲಿಲ್ಲ, ನೀರಿನ ಮೇಲೆ ಎಣ್ಣೆಯಂಥದ್ದು ತೇಲುತ್ತಿತ್ತು, ಹಾಗೇ ಕುಡಿದುಬಿಟ್ಟೆ ಅಂತ. ಹಿರೋಷಿಮಾದಲ್ಲೂ ಸ್ಮಾರಕಗಳ ಮುಂದೆ ಜನ ಹೂವಿನ ಜೊತೆ ನೀರಿನ ಬಾಟಲಿ ಇಟ್ಟು ಹೋಗುತ್ತಾರೆ, ಮುಚ್ಚಳ ತೆಗೆದು. ಸಾಯುವವರ ಬಾಯಿಗೆ ನೀರು ಬಿಡುವ ನಾಡಿನವರು ನಾವು. ನನ್ನ ಕೈಚೀಲದಲ್ಲಿದ್ದ ಬಾಟಲಿಯನ್ನು ಮಗಳು ತೆಗೆದು ಇಟ್ಟಳು. ಇಬ್ಬರೂ ಏನೂ ಮಾತಾಡಲಿಲ್ಲ.

ಹಿರೋಷಿಮಾದ ಶಾಂತಿ ಉದ್ಯಾನದ ನಡುವೆ ಕಮಾನಿನಂಥ ಸಮಾಧಿ ಸ್ಮಾರಕ ಇದೆ. 1952ರಲ್ಲಿ ಕಟ್ಟಿದ್ದು. ಅದರ ಕೆಳಗಿನ ಕಲ್ಲಿನ ಪೆಟ್ಟಿಗೆಯಲ್ಲಿ ಸತ್ತವರ ಹೆಸರಿನ ಪುಸ್ತಕಗಳಿವೆ. ಪ್ರತಿ ಆಗಸ್ಟ್ 6ಕ್ಕೆ ಆ ವರ್ಷ ತೀರಿಕೊಂಡ ಹಿಬಾಕುಶಾಗಳ ಹೆಸರು ಸೇರಿಸುತ್ತಾರೆ. 3,40,000ಕ್ಕೂ ಹೆಚ್ಚು ಹೆಸರು ಆಗಿವೆ. ಕಲ್ಲಿನ ಮೇಲೆ ಒಂದು ಸಾಲಿದೆ. ಇಂಗ್ಲಿಷಿನಲ್ಲಿ ಹೇಳಬೇಕಾದರೆ "ನಾವು" ಅಂತ ಸೇರಿಸಲೇಬೇಕು. ಜಪಾನೀ ಭಾಷೆಯಲ್ಲಿ ಆ ಪದವೇ ಇಲ್ಲ ಅಂತ ಮಗಳು ಹೇಳಿದಳು. ಕನ್ನಡದಲ್ಲಿ ಅದು ಸಲೀಸಾಗಿ ಬರುತ್ತದೆ:

ನೆಮ್ಮದಿಯಾಗಿ ಮಲಗಿ. ತಪ್ಪು ಮತ್ತೆ ಮಾಡುವುದಿಲ್ಲ.

ಯಾರು ಮಾಡುವುದಿಲ್ಲ? ಈ ಪ್ರಶ್ನೆಯನ್ನು ಅಲ್ಲಿ ಮೊದಲು ಗಟ್ಟಿಯಾಗಿ ಎತ್ತಿದವರಲ್ಲಿ ಒಬ್ಬರು ನಮ್ಮ ದೇಶದವರೇ. ಟೋಕಿಯೋ ಯುದ್ಧಾಪರಾಧ ವಿಚಾರಣೆಯಲ್ಲಿ ಭಿನ್ನ ತೀರ್ಪು ಬರೆದ ಕಲ್ಕತ್ತಾದ ನ್ಯಾಯಾಧೀಶ ರಾಧಾಬಿನೋದ್ ಪಾಲ್. 1952ರ ನವೆಂಬರ್‌ನಲ್ಲಿ ಅಲ್ಲಿಗೆ ಹೋದಾಗ ಅವರು ಇದನ್ನು ಒಪ್ಪಲಿಲ್ಲ. ಬಾಂಬ್ ಹಾಕಿದವರು ಜಪಾನೀಯರಲ್ಲ, ಹಾಗಿರುವಾಗ ಇದು ಯಾರ ತಪ್ಪು ಅಂತ ಅವರ ವಾದ. ಆ ಸಾಲು ಬರೆದ ಸೈಕಾ ತಾದಯೋಶಿ ಹಿರೋಷಿಮಾ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು, ಅವರೂ ಬಾಂಬಿನಿಂದ ಉಳಿದವರು. ಅದರ ಮುಂದೆ ನಿಂತು ಓದುವ ಎಲ್ಲ ಮನುಷ್ಯರೂ ಅದನ್ನು ಹೇಳುತ್ತಿದ್ದಾರೆ ಅನ್ನುವುದು ಅವರ ಉತ್ತರ.

ಪಾಲ್ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನು ಮೇಷ್ಟ್ರ ಕಡೆ. ಕನ್ನಡದ ಕ್ರಿಯಾಪದ ನೋಡಿ. ನಾನು ಮಾಡುವುದಿಲ್ಲ, ನೀನು ಮಾಡುವುದಿಲ್ಲ, ಅವರು ಮಾಡುವುದಿಲ್ಲ. ಯಾರೇ ಹೇಳಿದರೂ "ಮಾಡುವುದಿಲ್ಲ" ಹಾಗೇ ಇರುತ್ತದೆ. ಆ ಕಲ್ಲಿನ ಮುಂದೆ ನಿಂತು ಕನ್ನಡದಲ್ಲಿ ಓದಿಕೊಂಡಾಗ ಅದು ನನ್ನ ಬಾಯಿಂದ ಬಂದ ಮಾತಾಯಿತು, ಭಾರತದವಳಾದ ನನ್ನ ಬಾಯಿಂದ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, 1998ರ ಮೇ 11ರ ಸಂಜೆ ಪೋಖ್ರಾನಿನ ಸುದ್ದಿ ಬಂದಾಗ ನಮ್ಮ ಬೀದಿಯಲ್ಲಿ ಪೇಡ ಹಂಚಿದರು. ನಾನೂ ತಿಂದೆ. ಹೆಮ್ಮೆಯೂ ಆಗಿತ್ತು, ಸುಳ್ಳು ಹೇಳುವುದಿಲ್ಲ. ಮೂರು ವಾರದೊಳಗೆ ಪಾಕಿಸ್ತಾನವೂ ಪರೀಕ್ಷೆ ಮಾಡಿತು. ಜಗತ್ತಿನಲ್ಲಿ ಯಾವ ದೇಶ ಅಣು ಪರೀಕ್ಷೆ ಮಾಡಿದರೂ ಹಿರೋಷಿಮಾದ ಮೇಯರ್ ಆ ದೇಶಕ್ಕೆ ಪ್ರತಿಭಟನೆಯ ಪತ್ರ ಕಳಿಸುತ್ತಾರೆ. 1968ರಿಂದ ಇದು ನಡೆದುಕೊಂಡು ಬಂದಿದೆ. ಅಮೆರಿಕಕ್ಕೆ, ರಷ್ಯಾಕ್ಕೆ, ಫ್ರಾನ್ಸಿಗೆ, ಚೀನಾಕ್ಕೆ, ನಮಗೆ. ಆ ಪತ್ರಗಳನ್ನು ಸಂಗ್ರಹಾಲಯದಲ್ಲಿ ಕಾಣುವಂತೆ ಇಟ್ಟಿದ್ದಾರೆ. ಒಂದು ಗಡಿಯಾರವೂ ಇದೆ. ಕೊನೆಯ ಅಣು ಪರೀಕ್ಷೆಯಾಗಿ ಎಷ್ಟು ದಿನವಾಯಿತು ಅಂತ ಅದು ಎಣಿಸುತ್ತದೆ. ಮತ್ತೊಂದು ಪರೀಕ್ಷೆಯಾದರೆ ಸೊನ್ನೆಯಿಂದ ಶುರು. ನಾನು ಪೇಡ ತಿಂದ ದಿನಗಳಲ್ಲಿ ಆ ಊರಿನವರು ನಮಗೆ ಪತ್ರ ಬರೆಯುತ್ತಿದ್ದರು. ಅಲ್ಲಿ ನಿಂತಾಗ ಮನಸ್ಸಿಗೆ ತುಂಬಾ ಕಷ್ಟವಾಯಿತು.

ನೀವು ಕೇಳಬಹುದು: ಪಕ್ಕದಲ್ಲಿ ಪಾಕಿಸ್ತಾನ, ಮೇಲೆ ಚೀನಾ, ಇಬ್ಬರ ಹತ್ತಿರವೂ ಬಾಂಬ್ ಇರುವಾಗ ನಾವೊಬ್ಬರೇ ಕೆಳಗಿಡಬೇಕಾ ಅಂತ. ಮನೆಯಲ್ಲಿ ನನ್ನ ತಮ್ಮನೂ ಇದನ್ನೇ ಕೇಳುತ್ತಾನೆ. ನಾಳೆಯೇ ಕೆಳಗಿಡಿ ಅಂತ ನಾನು ಬರೆಯುತ್ತಿಲ್ಲ. ಮೊದಲು ಬಳಸುವುದಿಲ್ಲ ಅನ್ನುವುದು ನಮ್ಮ ದೇಶದ ಘೋಷಿತ ನೀತಿ, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಬಾಂಬ್ ಇದ್ದರೆ ಬಾಂಬ್ ಬೀಳುವುದಿಲ್ಲ ಅನ್ನುವ ಲೆಕ್ಕವನ್ನು ಬಾಂಬ್ ಕೆಳಗಿದ್ದವರು ಒಪ್ಪುವುದಿಲ್ಲ. ಒಂದು ಮಾತು ತಪ್ಪಿದರೆ, ಒಂದು ಯಂತ್ರ ಕೆಟ್ಟರೆ, ಒಬ್ಬ ನಾಯಕನ ತಲೆ ಕೆಟ್ಟರೆ ಏನು ಗತಿ ಅಂತ ಅವರು ಕೇಳುತ್ತಾರೆ. ಜಗತ್ತಿನಲ್ಲಿ ಒಂಬತ್ತು ದೇಶಗಳ ಹತ್ತಿರ ಸುಮಾರು 12,000 ಸಿಡಿತಲೆಗಳಿವೆ. ಹಿರೋಷಿಮಾಕ್ಕೆ ಒಂದು ಸಾಕಾಯಿತು.

2024ರಲ್ಲಿ ನಿಹೊನ್ ಹಿಡಾಂಕ್ಯೊಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಡಿಸೆಂಬರ್ 10ರಂದು ಓಸ್ಲೋದಲ್ಲಿ ಭಾಷಣ ಮಾಡಿದವರು ತೆರುಮಿ ತನಾಕಾ, ವಯಸ್ಸು 92. ನಾಗಸಾಕಿಯಲ್ಲಿ ಬಾಂಬ್ ಬಿದ್ದಾಗ 13ರ ಹುಡುಗ. ಮನೆ ಸುಮಾರು ಮೂರು ಕಿಲೋಮೀಟರ್ ದೂರ ಇತ್ತು. ದೊಡ್ಡ ಗಾಜಿನ ಬಾಗಿಲು ಅವರ ಮೇಲೆ ಬಿದ್ದರೂ ಗಾಜು ಒಡೆಯಲಿಲ್ಲ, ಹಾಗಾಗಿ ಬದುಕಿದರು. ಮೂರು ದಿನ ಬಿಟ್ಟು ಅಮ್ಮನ ಜೊತೆ ಇಬ್ಬರು ಚಿಕ್ಕಮ್ಮ ದೊಡ್ಡಮ್ಮಂದಿರ ಮನೆ ಹುಡುಕಿಕೊಂಡು ಗುಡ್ಡ ದಾಟಿ ಹೋದರು. ಒಬ್ಬರು ಮನೆಯ ಜಾಗದಲ್ಲೇ ಮೊಮ್ಮಗನ ಜೊತೆ ಸುಟ್ಟು ಕರಕಲಾಗಿದ್ದರು. ಇನ್ನೊಬ್ಬರು ಇವರು ತಲುಪುವ ಸ್ವಲ್ಪ ಮುಂಚೆ ತೀರಿಹೋಗಿದ್ದರು. ಬಯಲಿನಲ್ಲೇ ಸುಟ್ಟರು. ಒಂದೇ ಮನೆತನದ ಐವರು ಹೋದರು. ಅವತ್ತು ಕಂಡ ಸಾವುಗಳನ್ನು ಮನುಷ್ಯರ ಸಾವು ಅಂತ ಹೇಳಲೂ ಆಗದು ಎಂದರು ತನಾಕಾ.

ಆ ಭಾಷಣದಲ್ಲಿ ಒಂದು ಕಡೆ ಅವರು ಬರೆದುಕೊಂಡು ಬಂದದ್ದನ್ನು ಬಿಟ್ಟು ಮಾತಾಡಿದರು. ಬಾಂಬಿನಿಂದ ಸತ್ತವರಿಗೆ ಜಪಾನ್ ಸರ್ಕಾರ ಏನೇನೂ ಪರಿಹಾರ ಕೊಟ್ಟಿಲ್ಲ ಅಂತ ಹೇಳಿ, ಅದನ್ನು ಇನ್ನೊಮ್ಮೆ ಹೇಳಿದರು. ಇಡೀ ಜಗತ್ತು ಚಪ್ಪಾಳೆ ತಟ್ಟುವ ಹೊತ್ತಿನಲ್ಲೂ ತಮ್ಮ ಸರ್ಕಾರದ ಮೇಲಿನ ಲೆಕ್ಕ ಬಿಡಲಿಲ್ಲ. ಇವರ ದಾರಿಯೇ ಹಾಗೆ. 2017ರಲ್ಲಿ ನಾಗಸಾಕಿಯ ಇನ್ನೊಬ್ಬ ಹಿರಿಯರು ಆಗಿನ ಪ್ರಧಾನಿ ಶಿಂಜೊ ಅಬೆ ಅವರನ್ನು ಎದುರಿಗೇ ಕೇಳಿದರು: ನೀವು ಯಾವ ದೇಶದ ಪ್ರಧಾನಿ? ಯಾಕೆಂದರೆ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿರಲಿಲ್ಲ. ಈಗಲೂ ಹಾಕಿಲ್ಲ. ಬಾಂಬ್ ಬಿದ್ದಾಗ ಬಂದ, ವಿಕಿರಣ ಬೆರೆತ ಕಪ್ಪು ಮಳೆಯಲ್ಲಿ ನೆನೆದ 84 ಜನ ತಮ್ಮನ್ನೂ ಹಿಬಾಕುಶಾ ಅಂತ ಒಪ್ಪಿಕೊಳ್ಳಿ ಎಂದು ಕೋರ್ಟಿಗೆ ಅಲೆದು ಹಿರೋಷಿಮಾ ಹೈಕೋರ್ಟಿನಲ್ಲಿ ಗೆದ್ದದ್ದು 2021ರಲ್ಲಿ. 76 ವರ್ಷ ಕಾದರು!

ಇಷ್ಟೆಲ್ಲ ಅನುಭವಿಸಿದವರು ಸೇಡಿನ ಮಾತಾಡುವುದಿಲ್ಲ. ನಮ್ಮಲ್ಲಿ ಅನ್ನುತ್ತಾರಲ್ಲ, "ಈ ಕಷ್ಟ ನಮ್ಮ ಶತ್ರುಗೂ ಬೇಡ" ಅಂತ. ಅವರ ಎಪ್ಪತ್ತು ವರ್ಷದ ಮಾತೆಲ್ಲ ಇದೇ. ಸುಮ್ನೆ ಬಾಯಿಮಾತಿಗೆ ಹೇಳಿದ್ದಲ್ಲ. 2016ರಿಂದ 2020ರವರೆಗೆ ವಯಸ್ಸಾದ ಕಾಲುಗಳಲ್ಲಿ ಬೀದಿ ಬೀದಿಯಲ್ಲಿ ನಿಂತು 1 ಕೋಟಿ 37 ಲಕ್ಷ ಸಹಿ ಕೂಡಿಸಿ ವಿಶ್ವಸಂಸ್ಥೆಗೆ ಕೊಟ್ಟರು.

ಆದರೆ ಹೊತ್ತು ಮೀರುತ್ತಿದೆ. ಒಂದು ಕಾಲದಲ್ಲಿ ಸರ್ಕಾರದ ಪಟ್ಟಿಯಲ್ಲಿ 3,70,000ಕ್ಕೂ ಹೆಚ್ಚು ಹಿಬಾಕುಶಾಗಳಿದ್ದರು. 2025ರ ಮಾರ್ಚ್ ಕೊನೆಗೆ 99,130. ಮೊದಲ ಬಾರಿಗೆ ಒಂದು ಲಕ್ಷಕ್ಕಿಂತ ಕಡಿಮೆ. ಸರಾಸರಿ ವಯಸ್ಸು 86 ದಾಟಿದೆ. ಹಿಡಾಂಕ್ಯೊದ ಕೆಲವು ಶಾಖೆಗಳು ನಡೆಸುವವರಿಲ್ಲದೆ ಮುಚ್ಚಿವೆ. ಹಿರೋಷಿಮಾ ನಗರದವರು 2012ರಲ್ಲಿ ಒಂದು ಕೆಲಸ ಶುರು ಮಾಡಿದರು. ಒಬ್ಬ ಹಿಬಾಕುಶಾ ಹತ್ತಿರ ಕೂತು ಅವರ ಕಥೆಯನ್ನು ಪೂರ್ತಿ ಕಲಿತು, ಅವರ ಪರವಾಗಿ ಹೇಳುವವರನ್ನು ತಯಾರು ಮಾಡುವುದು. ನಾವು ಹೋದ ದಿನ ಅಂಥ ಒಬ್ಬ ಹೆಂಗಸು ಮಾತಾಡಿದರು. ಮೊದಲೇ ಹೇಳಿದರು: "ಇದು ನನ್ನ ಕಥೆಯಲ್ಲ. ಕೊಟ್ಟವರು ಈಗ ಇಲ್ಲ." ಆಮೇಲೆ ಚೀಟಿ ನೋಡದೆ ಮುಕ್ಕಾಲು ಗಂಟೆ ಹೇಳಿದರು. ನಮ್ಮಲ್ಲಿ ಅಜ್ಜಿ ಹಾಡಿದ ಹಾಡನ್ನು ಮೊಮ್ಮಗಳು ಕಲಿತು ಹಾಡುವ ಹಾಗೆ.

ಅವರು ಹಾಗೆ ಬೇರೆಯವರ ಮಾತನ್ನು ತಮ್ಮದು ಮಾಡಿಕೊಂಡು ಹೇಳಬಹುದಾದರೆ ನೀವೂ ಹೇಳಬಹುದು ಅಲ್ವಾ? ನಾನು ಕೇಳುವುದು ಇದನ್ನೇ. ಮುಂದಿನ ಆಗಸ್ಟ್ 6ರಂದು ಸದನ ಸೇರಿದ್ದರೆ, ಮೌನ ಮುಗಿದ ಮೇಲೆ ನಿಮ್ಮಲ್ಲಿ ಯಾರಾದರೂ ಒಬ್ಬರು ಸಭಾಧ್ಯಕ್ಷರ ಅನುಮತಿ ಪಡೆದು ಎರಡು ನಿಮಿಷ ಒಬ್ಬ ಹಿಬಾಕುಶಾನ ಮಾತನ್ನು ಓದಿ. ಕನ್ನಡದಲ್ಲೇ ಓದಿ. ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಲು ಅವಕಾಶ ಇದೆ, ಬೇಕಾದವರಿಗೆ ಅನುವಾದ ಕೇಳಿಸುತ್ತದೆ.

ಇನ್ನೊಂದು, ವಿದೇಶಾಂಗ ಸಚಿವರಿಗೆ ಒಂದು ಪ್ರಶ್ನೆ ಹಾಕಿ. ಅಣ್ವಸ್ತ್ರ ನಿಷೇಧ ಒಪ್ಪಂದ 2021ರ ಜನವರಿ 22ರಿಂದ ಜಾರಿಯಲ್ಲಿದೆ. 2017ರಲ್ಲಿ ನಮ್ಮ ದೇಶ ಆ ಮಾತುಕತೆಗೆ ಹೋಗಲಿಲ್ಲ. ಈ ವಿಷಯ ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ ನಡೆಯಬೇಕು ಅನ್ನುವುದು ನಮ್ಮ ನಿಲುವು. ಇರಲಿ. ಸಹಿ ಹಾಕಿ ಅಂತ ನಾನು ಈಗಲೇ ಕೇಳುತ್ತಿಲ್ಲ. ಆ ಒಪ್ಪಂದದ ದೇಶಗಳು ಸೇರುವ ಸಭೆಗೆ ಹೊರಗಿನವರು ವೀಕ್ಷಕರಾಗಿ ಹೋಗಿ ಕೂರಬಹುದು. 2022ರಲ್ಲಿ ವಿಯೆನ್ನಾದಲ್ಲಿ ನಡೆದ ಮೊದಲ ಸಭೆಗೆ ಜರ್ಮನಿ, ನಾರ್ವೆ, ಆಸ್ಟ್ರೇಲಿಯಾ ಹೋಗಿದ್ದವು. ಅವುಗಳೂ ಸಹಿ ಹಾಕಿಲ್ಲ, ಅಮೆರಿಕದ ಅಣ್ವಸ್ತ್ರದ ನೆರಳಲ್ಲೇ ಇವೆ. ಅಣ್ವಸ್ತ್ರ ಇರುವ ಒಂಬತ್ತು ದೇಶಗಳಲ್ಲಿ ಮಾತ್ರ ಒಂದೂ ಹೋಗಿಲ್ಲ. ಅಣ್ವಸ್ತ್ರದಿಂದ ಮನುಷ್ಯರಿಗೆ ಏನಾಗುತ್ತದೆ ಅಂತ ಚರ್ಚಿಸಲು 2013ರಲ್ಲಿ ಓಸ್ಲೋದಲ್ಲಿ, 2014ರಲ್ಲಿ ಮೆಕ್ಸಿಕೋದಲ್ಲಿ, ವಿಯೆನ್ನಾದಲ್ಲಿ ಸಭೆ ನಡೆದಾಗ ಭಾರತ ಹೋಗಿತ್ತು. ಆಗ ಹೋದವರು ಈಗ ಯಾಕೆ ಹೋಗಬಾರದು? ವೀಕ್ಷಕರಾಗಿ ಹೋಗದಿರಲು ಕಾರಣ ಏನು? ಇಷ್ಟೇ ಪ್ರಶ್ನೆ. ಉತ್ತರ ಏನೇ ಬರಲಿ, ಸದನದ ದಾಖಲೆಯಲ್ಲಿ ಸೇರುತ್ತದೆ.

ಹಿಬಾಕುಶಾಗಳ ಬಾಯಿಯನ್ನು ಬೇರೆಯವರು ಕಟ್ಟಿದ್ದರು. ಅವರು ಬಿಡಿಸಿಕೊಂಡರು. ನಮ್ಮ ಬಾಯಿಯನ್ನು ಯಾರೂ ಕಟ್ಟಿಲ್ಲ.

ಓದಲು ಒಂದು ಪುಟ ಬೇಕಲ್ಲ, ಅದನ್ನು ನಾನೇ ಸಿದ್ಧ ಮಾಡಿದ್ದೇನೆ. ತಾನಿಗುಚಿಯವರು ನ್ಯೂಯಾರ್ಕಿನಲ್ಲಿ ಹೇಳಿದ ಮಾತು, ಅವರ ಕೆಂಪು ಸೈಕಲ್, ಬೋರಲು ಮಲಗಿದ ಒಂದು ವರ್ಷ ಒಂಬತ್ತು ತಿಂಗಳು. ಮಗಳು ಜಪಾನೀ ಭಾಷೆಯಿಂದ ಅರ್ಥ ಹೇಳಿದಳು, ನಾನು ಕನ್ನಡದಲ್ಲಿ ಬರೆದೆ. ಗಡಿಯಾರ ಇಟ್ಟುಕೊಂಡು ಮೂರು ಸಲ ಗಟ್ಟಿಯಾಗಿ ಓದಿ ನೋಡಿದೆ. ಅವಸರ ಮಾಡದೆ ಓದಿದರೆ ಒಂದು ನಿಮಿಷ ಐವತ್ತು ಸೆಕೆಂಡ್ ಆಗುತ್ತದೆ. ನಿಮ್ಮ ನಲವತ್ತೂ ಜನರ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಕನ್ನಡಕ ಇಲ್ಲದೆಯೂ ಓದಲು ಆಗಲಿ ಅಂತ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಧಾರವಾಡ